ಪ್ರಳಯದ ಪುಸ್ತಕಕ್ಕೆ ಒಂದು ತಿದ್ದುಪಡಿ

ನನಗೆ ಬೆಂಕಿ ಹೊತ್ತಿಸಲು ಬರುವುದಿಲ್ಲ. ಕಡ್ಡಿಪೆಟ್ಟಿಗೆ ಕೈಗೆ ಕೊಟ್ಟರೆ ಬರುತ್ತದೆ, ಅದೂ ಗಾಳಿ ಇಲ್ಲದ ದಿನ, ಮೂರನೆಯ ಕಡ್ಡಿಗೆ. ರಾಯದುರ್ಗದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಮೂವತ್ತು ಚಿಲ್ಲರೆ ವರ್ಷ ದಹನಕ್ರಿಯೆಯ ಪಾಠ ಮಾಡಿದವನು ನಾನು. ಆಮ್ಲಜನಕವಿಲ್ಲದೆ ಜ್ವಾಲೆಯಿಲ್ಲ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಆದ್ದರಿಂದ ಈ ಮಾತನ್ನು ನಿಮ್ಮ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ದಯವಿಟ್ಟು ತಿಳಿಸಬೇಡಿ. ಅವರಲ್ಲಿ ಕೆಲವರು ಈಗಲೂ ಪೇಟೆಯಲ್ಲಿ ಎದುರಾದರೆ ಬೈಕು ನಿಲ್ಲಿಸಿ ನಮಸ್ಕಾರ ಮಾಡುತ್ತಾರೆ.

ಈ ಗುಟ್ಟು ಬಯಲಾದದ್ದು ಕಳೆದ ಬೇಸಿಗೆಯ ಕೊನೆಯ ಗಾಳಿಮಳೆಯಲ್ಲಿ. ಕರೆಂಟಿನ ಕಂಬಗಳು ಉರುಳಿ ಎರಡು ದಿನ ಊರಿಗೆ ಊರೇ ತಣ್ಣಗಾಯಿತು. ಫೋನು ಸತ್ತಿತು. ಕಿಟಕಿಯಲ್ಲಿಟ್ಟಿದ್ದ ಕಡ್ಡಿಪೆಟ್ಟಿಗೆ ನೆನೆದು ಮುದ್ದೆಯಾಯಿತು. ಗ್ಯಾಸಿನ ಲೈಟರು ಅದೇ ಹೊತ್ತು ನೋಡಿ ಕೈಕೊಟ್ಟಿತು. ನಾನು ಒಲೆಯ ಮುಂದೆ ನಿಂತು, ಈ ಕರೆಂಟು, ಈ ಫೋನು, ಈ ಅಂಗಡಿಬೀದಿ ಯಾವುದೂ ಮರಳಿ ಬರದಿದ್ದರೆ ಮನುಷ್ಯಕುಲ ಎಲ್ಲಿಂದ ಶುರು ಮಾಡಬೇಕು ಎಂಬ ಗಂಭೀರ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ರತ್ನಮ್ಮ ಪಕ್ಕದ ಮನೆಯ ದೇವರ ದೀಪದಿಂದ ಒಂದು ಬತ್ತಿ ಹಚ್ಚಿಕೊಂಡು ಬಂದು ಕಾಫಿ ಕಾಯಿಸಿದಳು. ಆ ಕಾಫಿಯನ್ನು ಕುಡಿಯುತ್ತಲೇ ನಾನು ನಾಗರಿಕತೆಯನ್ನು ಉಳಿಸುವ ನಿರ್ಧಾರ ಮಾಡಿದೆ.

ಮರುದಿನ ಇನ್ನೂರು ಪುಟದ ಉದ್ದನೆಯ ನೋಟ್ ಬುಕ್ಕು ತಂದೆ. ರಟ್ಟಿನ ಮೇಲೆ ‘ಪ್ರಳಯಾನಂತರ ಬೇಕಾಗುವ ವಿದ್ಯೆಗಳು’ ಎಂದು ನನ್ನ ಹೆಸರಾಂತ ದುಂಡು ಅಕ್ಷರದಲ್ಲಿ ಬರೆದೆ. ಎಲ್ಲ ಮುಗಿದುಹೋದ ಮೇಲೆ ಉಳಿದ ನಾಲ್ಕು ಜನ ಈ ಪುಸ್ತಕ ಬಿಡಿಸಿ ಓದಿದರೆ ಸಾಕು, ಹತ್ತು ವರ್ಷದಲ್ಲಿ ಮತ್ತೆ ರಾಯದುರ್ಗ ಎದ್ದು ನಿಲ್ಲಬೇಕು, ಬಸ್ ಸ್ಟ್ಯಾಂಡಿನ ಸಮೇತ. ಹಾಗಿತ್ತು ನನ್ನ ಅಂದಾಜು. ಮೊದಲ ಪುಟದಲ್ಲಿ ಬೆಂಕಿ, ಎರಡನೆಯದರಲ್ಲಿ ಚಕ್ರ, ಮೂರನೆಯದರಲ್ಲಿ ಕಬ್ಬಿಣ. ಬೆಂಕಿಯ ಪುಟ ಬರೆಯುವ ಮುನ್ನ ಒಂದು ಪ್ರಯೋಗ ಮಾಡಿ ನೋಡೋಣವೆನ್ನಿಸಿತು. ಅಮರಾಪುರದಲ್ಲಿ ನಮ್ಮ ತಾತ ಸೊಂಟದ ಚೀಲದಲ್ಲಿ ಚಕಮಕಿ ಕಲ್ಲು ಇಟ್ಟುಕೊಂಡು ಎರಡೇ ಏಟಿಗೆ ಚುಟ್ಟ ಹಚ್ಚುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡಿದ್ದೆನೇ ಹೊರತು ಹೇಗೆಂದು ಕೇಳಿರಲಿಲ್ಲ. ಮಾಳಿಗೆಯ ಮೇಲೆ ಒಂದು ಮಧ್ಯಾಹ್ನವಿಡೀ ಕಲ್ಲಿಗೆ ಕಬ್ಬಿಣ ಬಡಿದೆ. ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಯಿತು, ಕಿಡಿ ಹಿಡಿಯಲೆಂದು ಇಟ್ಟಿದ್ದ ಹತ್ತಿ ಬೆಳ್ಳಗೇ ಉಳಿಯಿತು.

ರತ್ನಮ್ಮ ಮಡಕಶಿರಾ ಕಡೆಯವಳು, ರೊಳ್ಳ ಎಂಬ ಊರಿನ ಮಗಳು. ಆ ಕಡೆಯವರಿಗೆ ನೇರ ಪ್ರಶ್ನೆ ಕೇಳುವ ಅಭ್ಯಾಸ. ಅರಿಶಿನ ಅರೆದು ನನ್ನ ಹೆಬ್ಬೆರಳಿಗೆ ಕಟ್ಟುತ್ತಾ, “ಅಲ್ಲ ಕಣ್ರೀ, ಬೆಂಕಿ ಹೆಂಗೋ ಆಯ್ತದೆ ಅನ್ಕಳಿ. ಉಪ್ಪು ಎಲ್ಲಿಂದ ತರ್ತೀರ?” ಎಂದಳು. ನಾನು ಸೋಡಿಯಂ, ಕ್ಲೋರಿನ್ ಎಂದೇನೋ ಹೊರಟೆ. ಅವಳು ಕೇಳಿದ್ದು ಅದಲ್ಲ. ಸಮುದ್ರ ನಮ್ಮಿಂದ ನೂರಾರು ಮೈಲಿ. ಪ್ರಳಯದ ಮರುದಿನ ಲಾರಿ ಬರುವುದಿಲ್ಲ. ಮುದ್ದೆಯ ಜೊತೆಗಿನ ಸಾರಿಗೆ ಏನು ಹಾಕುವುದು? ಕೊನೆಗೆ ಅವಳೇ ಹೇಳಿದಳು: “ನಮ್ಮಜ್ಜಿ ಹೇಳೋಳು, ಆಗೆಲ್ಲ ಸವುಳು ಮಣ್ಣು ನೀರಲ್ಲಿ ಕದಡಿ, ಸೋಸಿ, ಬಿಸಿಲಿಗಿಟ್ಟು ಉಪ್ಪು ತೆಗೀತಿದ್ರಂತೆ.” ಹೇಗೆ ಸೋಸುತ್ತಿದ್ದರು, ಯಾವ ಮಣ್ಣು, ಎಷ್ಟು ಬಿಸಿಲು ಎಂದು ಪೆನ್ನು ಹಿಡಿದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅಜ್ಜಿ ಹೋಗಿ ನಲವತ್ತು ವರ್ಷ ಆಗಿತ್ತು. ಉಪ್ಪಿನ ಪುಟದಲ್ಲಿ ‘ಸವುಳು ಮಣ್ಣು’ ಎಂದು ಬರೆದು ಮುಂದೆ ಜಾಗ ಬಿಟ್ಟೆ. ಆ ಖಾಲಿ ಜಾಗ ನೋಡಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಸಂಜೆ ಕೋಟೆಯ ಬೆಟ್ಟದ ಕಡೆ ತಿರುಗಾಡಲು ಹೋದಾಗ ಇದೇ ತಲೆಯಲ್ಲಿತ್ತು. ನಮ್ಮ ಸೀಮೆಯಲ್ಲಿ ಕಲ್ಲಿಗೂ ಬರವಿಲ್ಲ, ಕಲ್ಲಿನ ಮೇಲಿನ ಅಕ್ಷರಕ್ಕೂ ಬರವಿಲ್ಲ. ಹಳೆಯ ಶಾಸನಗಳನ್ನು ನೀವೂ ನೋಡಿರುತ್ತೀರಿ: ಯಾವ ದೊರೆ, ಯಾವ ದೇವರಿಗೆ, ಎಷ್ಟು ಭೂಮಿ ಕೊಟ್ಟ, ಅದಕ್ಕೆ ತಪ್ಪಿದವರಿಗೆ ಎಂಥ ನರಕ, ಎಲ್ಲ ವಿವರವಾಗಿ ಇರುತ್ತದೆ. ಆದರೆ ಇಷ್ಟು ದೊಡ್ಡ ಬಂಡೆಯನ್ನು ಬಿರುಕಿಲ್ಲದೆ ಹೇಗೆ ಸೀಳಿದರು, ಬೆಟ್ಟದ ತುದಿಗೆ ಹೇಗೆ ಏರಿಸಿದರು, ಉಳಿಗೆ ನೀರು ಕುಡಿಸಿ ಗಟ್ಟಿ ಮಾಡಿದ್ದು ಹೇಗೆ, ಇದನ್ನು ಯಾವ ಶಾಸನವೂ ಹೇಳುವುದಿಲ್ಲ. ಅಕ್ಷರ ಬಲ್ಲವರು ದೊರೆಯ ಹತ್ತಿರ ಕೂತಿದ್ದರು. ಉಳಿ ಬಲ್ಲವನು ಬಿಸಿಲಿನಲ್ಲಿ ಕೂತಿದ್ದ. ಅವನು ತನ್ನ ವಿದ್ಯೆಯನ್ನು ಪಕ್ಕದಲ್ಲಿ ಕೂತ ಮಗನಿಗೆ ತೋರಿಸಿ ಹೋದ, ಮಗ ತನ್ನ ಮಗನಿಗೆ. ಎಲ್ಲೋ ಒಂದು ಕಡೆ ಪಕ್ಕದಲ್ಲಿ ಯಾರೂ ಕೂರದೆ ಹೋದರು. ನಾನು ಆ ಲೋಪವನ್ನು ಸರಿಪಡಿಸುವವನಾಗಬೇಕು, ಅಕ್ಷರ ಬಲ್ಲ ನಾನು ಬಿಸಿಲಿನಲ್ಲಿ ಕೂರುವವರ ಬಳಿಗೆ ಹೋಗಬೇಕು ಎಂದು ಬೆಟ್ಟ ಇಳಿಯುವಷ್ಟರಲ್ಲಿ ತೀರ್ಮಾನಿಸಿದೆ. ಇಳಿಯುವಾಗ ಮನುಷ್ಯನಿಗೆ ಇಂಥ ಉದಾತ್ತ ವಿಚಾರಗಳು ಸುಲಭವಾಗಿ ಬರುತ್ತವೆ.

ಹೀಗೆ ನಾನು ಶೇರ್ ಆಟೋ ಹತ್ತಿ ಗುಮ್ಮಘಟ್ಟದ ಕಡೆಯ ಒಂದು ಹಟ್ಟಿಗೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸುಂಕಮ್ಮನ ಮನೆ. ಹತ್ತನೆಯ ತರಗತಿಯವರೆಗೆ ನನ್ನ ಕೈಕೆಳಗೆ ಓದಿ, ಕುರಿ ಸಾಕುವ ಮನೆಗೆ ಸೊಸೆಯಾಗಿ ಹೋದ ಹುಡುಗಿ. ಈಗ ಅಂಗನವಾಡಿಯಲ್ಲಿ ಕೆಲಸ. ಅವಳ ಅತ್ತೆ ಮಾರಕ್ಕನಿಗೆ ಅಕ್ಷರ ಬಾರದು. ಆದರೆ ಅರವತ್ತು ಕುರಿಗಳ ಮರಿಗಳನ್ನು ಒಟ್ಟಿಗೆ ಕೂಡಿಹಾಕಿ ಸಂಜೆ ಬಿಟ್ಟರೆ, ಯಾವ ಮರಿ ಯಾವ ತಾಯಿಯದೆಂದು ತಾಯಿಗಿಂತ ಮೊದಲು ಮಾರಕ್ಕ ಹೇಳುತ್ತಿದ್ದಳು. ಮರಿಗಳ ಕೆಲಸ ಅಲ್ಲಿ ಹೆಂಗಸರದು. ಗಂಡಸರು ಹಿಂಡು ಹೊಡೆದುಕೊಂಡು ಕಾಲುವೆ ನೀರಿನ ಊರುಗಳ ಕಡೆ ಮೇಯಿಸಲು ಹೋಗುತ್ತಾರೆ. ಈಯುವ ಕುರಿಗಳೂ ಎಳೆಮರಿಗಳೂ ಮನೆಯ ಹಿಂದಿನ ರೊಪ್ಪದಲ್ಲಿ, ಮುಳ್ಳುಬೇಲಿಯ ಆ ದೊಡ್ಡಿಯಲ್ಲಿ, ಹೆಂಗಸರ ಪಾಲಿಗೆ ಉಳಿಯುತ್ತವೆ.

ಮಾರಕ್ಕ ನನ್ನ ಪುಸ್ತಕ ನೋಡಿ ನಕ್ಕಳು. ನಕ್ಕು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ತಾಯಿ ಸತ್ತ ಮರಿಯನ್ನು ಮರಿ ಸತ್ತ ತಾಯಿಗೆ ಹೊಂದಿಸುವ ಬಗೆಯನ್ನು ಹೇಳುವಾಗ ಅವಳ ಕೈಗಳು ಗಾಳಿಯಲ್ಲಿ ಇಲ್ಲದ ಒಂದು ಮರಿಯನ್ನು ಸವರುತ್ತಿದ್ದವು. ಆ ತಾಯಿಯ ಹಾಲನ್ನೇ ಹಿಂಡಿ ಮರಿಯ ತಲೆಗೂ ಬಾಲಕ್ಕೂ ಹಚ್ಚಬೇಕು. ಬೆನ್ನಿಗೆ ಉಪ್ಪುನೀರು ಸವರಬೇಕು. ಉಪ್ಪಿನ ಆಸೆಗೆ ತಾಯಿ ನೆಕ್ಕುತ್ತದೆ. ನೆಕ್ಕಿದ ಮೇಲೆ ಅದು ತನ್ನದೇ. ನಡುನಡುವೆ ಅವಳು ಇನ್ನೂ ಏನೇನೋ ಹೇಳುತ್ತಿದ್ದಳು, ಕುರಿಯ ಮೂಗಿನ ವಿಷಯ, ಸತ್ತ ಮರಿ ಬಿದ್ದ ಜಾಗದ ವಿಷಯ. ಅದನ್ನೆಲ್ಲ ಹರಟೆಯೆಂದು ನಾನು ಬರೆದುಕೊಳ್ಳಲಿಲ್ಲ. ಬೇಕಾದ್ದನ್ನು ಮಾತ್ರ ಬರೆಯುವುದು, ಬೇಡದ್ದನ್ನು ಬಿಡುವುದು, ಇದು ಸಾರಾಂಶ ಬರೆಯುವ ಕ್ರಮ. ನಾನೇ ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ.

ಮನೆಗೆ ಬಂದು ಅಚ್ಚುಕಟ್ಟಾಗಿ ಪ್ರತಿ ಮಾಡಿದೆ. ಮಾಡುವಾಗ ಅದರಲ್ಲೊಂದು ಕೊರತೆ ಕಂಡಿತು. ಶುಚಿತ್ವದ ಮಾತೇ ಇಲ್ಲ! ಊಟಕ್ಕೆ ಮುಂಚೆ ಕೈ ತೊಳೆಯಿರಿ ಎಂದು ಮೂವತ್ತು ವರ್ಷ ಬೆಳಗಿನ ಪ್ರಾರ್ಥನೆಯಲ್ಲಿ ಕೂಗಿದ ಮನುಷ್ಯ ಸುಮ್ಮನಿರಲು ಸಾಧ್ಯವೇ? ಮಾರಕ್ಕ ಹೇಳಿದ್ದರ ಮೇಲೆ, ಎಲ್ಲಕ್ಕಿಂತ ಮೊದಲು, ‘ಮರಿಯನ್ನು ಉಗುರುಬೆಚ್ಚಗಿನ ನೀರು ಮತ್ತು ಸೋಪಿನಿಂದ ಚೆನ್ನಾಗಿ ತೊಳೆಯತಕ್ಕದ್ದು’ ಎಂದು ನನ್ನದೊಂದು ಸಾಲು ಸೇರಿಸಿದೆ. ಆ ಪುಟದ ಒಂದು ಪ್ರತಿಯನ್ನು ಸುಂಕಮ್ಮನಿಗೆ ಕಳಿಸಲೂ ಯೋಚಿಸಿದ್ದೆ. ಸೋಮಾರಿತನದಿಂದ ಕಳಿಸಲಿಲ್ಲ.

ಕಾರ್ತಿಕ ಮುಗಿದು ಚಳಿ ಹಿಡಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಸುಂಕಮ್ಮನ ಫೋನು ಬಂತು. ಅವಳು ಮದುವೆಯಾಗಿ ಬಂದ ದಿನ ಮಾರಕ್ಕ ಅವಳ ಕೈಗೆ ಹಗ್ಗ ಕೊಟ್ಟು ‘ಇದು ನಿಂದು’ ಎಂದಿದ್ದ ಒಂದು ಕುರಿಮರಿ, ಆ ಮರಿ ಬೆಳೆದು ಈಗ ಮುದಿಕುರಿಯಾಗಿತ್ತು. ಅದು ಆ ಬೆಳಿಗ್ಗೆ ಒಂದು ಹೆಣ್ಣುಮರಿ ಈದು ಸತ್ತುಹೋಗಿತ್ತು. ಮುಂಚೆ ಈದದ್ದೆಲ್ಲ ಗಂಡುಮರಿಗಳೇ, ಒಂದೊಂದಾಗಿ ಸಂತೆಗೆ ಹೋಗಿದ್ದವು. ಇದೊಂದೇ ಹೆಣ್ಣು. ಇದು ಹೋದರೆ ಸುಂಕಮ್ಮ ತನ್ನದೆಂದು ಹೇಳಿಕೊಳ್ಳುವ ಕುರಿ ಆ ರೊಪ್ಪದಲ್ಲಿ ಇರುವುದಿಲ್ಲ. ಹಿಂದಿನ ಸಂಜೆ ಇನ್ನೊಂದು ಕುರಿಗೆ ಸತ್ತ ಮರಿ ಹುಟ್ಟಿತ್ತು; ಅದರ ಕೆಚ್ಚಲು ತುಂಬಿ ನಿಂತಿತ್ತು. ಮಾರಕ್ಕ ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ರೊಳ್ಳದ ಕಡೆ ಹೋಗಿದ್ದಳು, ಅವಳ ಬಳಿ ಫೋನೂ ಇರಲಿಲ್ಲ, ಮಗಳು ಫೋನು ಎತ್ತುತ್ತಿರಲಿಲ್ಲ.

“ಪಕ್ಕದ ಮನ್ಯಾಗ ಕೇಳಾಣ ಅಂದ್ಕಂಡಿದ್ದೆ ಸಾರ್,” ಎಂದಳು ಸುಂಕಮ್ಮ. “ಆದ್ರ ನೀವು ಬರ್ಕಂಡಿದ್ರಲ್ರಿ. ಬುಕ್ಕಿನಾಗ ಇದ್ದದ್ದು ತಪ್ಪಾಗಲ್ಲಲ್ರಿ. ಓದಿ ಹೇಳ್ರಿ.”

ನನ್ನ ಎದೆ ಎಷ್ಟು ಉಬ್ಬಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ. ಪ್ರಳಯಕ್ಕೆ ಮುಂಚೆಯೇ ಪುಸ್ತಕ ಉಪಯೋಗಕ್ಕೆ ಬಂತಲ್ಲ! ಕನ್ನಡಕ ಹಾಕಿಕೊಂಡು ಪುಟ ತೆಗೆದು, ತರಗತಿಯಲ್ಲಿ ಓದುವಂತೆ ನಿಧಾನವಾಗಿ, ಒಂದನೆಯ ಸಾಲಿನಿಂದ ಓದಿದೆ.

“ಸೋಪಾ ಸಾರ್?”

“ಹೌದಮ್ಮ. ಶುಚಿತ್ವ ಮುಖ್ಯ.”

ಅವಳು ಮತ್ತೆ ಕೇಳಲಿಲ್ಲ. ನಾನು ಕಲಿಸಿದ ಮಕ್ಕಳು ಎರಡನೆಯ ಸಲ ಕೇಳುವುದಿಲ್ಲ. ಅದು ನನ್ನ ಬೋಧನೆಯ ದೊಡ್ಡ ಗೆಲುವೆಂದು ನಾನು ಅಂದುಕೊಂಡಿದ್ದೆ.

ಒಂದು ತಾಸಿನ ಮೇಲೆ ಮತ್ತೆ ಫೋನು. ಕುರಿ ಮರಿಯನ್ನು ಮೂಸಿ ನೋಡಿ ಗುದ್ದಿ ತಳ್ಳುತ್ತಿದೆ, ಉಪ್ಪುನೀರಿನ ಕಡೆ ತಿರುಗಿಯೂ ನೋಡುತ್ತಿಲ್ಲ. ನಾನು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದೆ. ರತ್ನಮ್ಮನೂ ಜೊತೆಗೆ ಹೊರಟಳು. ನನ್ನನ್ನು ಒಬ್ಬನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ. ಹೋಗಿ ನೋಡಿದರೆ, ಅಂಗೈ ಅಗಲದ ಎದೆಯ ಒಂದು ಕರಿಮರಿ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ನಡುಗುತ್ತಿತ್ತು. ಅದರ ಮೈಯಿಂದ ಗಂಧದ ಸೋಪಿನ ಪರಿಮಳ ಬರುತ್ತಿತ್ತು. ಸುಂಕಮ್ಮ ಮನೆಯಲ್ಲಿದ್ದ ಒಳ್ಳೆಯ ಸೋಪನ್ನೇ ಹಾಕಿದ್ದಳು. ಮತ್ತೊಮ್ಮೆ ಮರಿಯನ್ನು ಹತ್ತಿರ ಒಯ್ದಳು. ಕುರಿ ಮೂಗು ಮುಂದೆ ಚಾಚಿತು, ಹಿಂದೆ ಸರಿಯಿತು, ತಲೆ ತಗ್ಗಿಸಿ ಗುದ್ದಿತು. ಮರಿ ಎದ್ದಿತು, ಬಿದ್ದಿತು. ಸುಂಕಮ್ಮ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಾರ್ ಈಗೇನಾದರೂ ಹೇಳುತ್ತಾರೆ ಎಂಬ ನಂಬಿಕೆ ಇನ್ನೂ ಇತ್ತು. ನಾನು ಪುಸ್ತಕ ತೆಗೆದು ಅದೇ ಪುಟವನ್ನು ಮತ್ತೆ ಓದಿದೆ. ಅಲ್ಲಿ ಬೇರೇನೂ ಇರಲಿಲ್ಲ.

ರತ್ನಮ್ಮ ಮಾತ್ರ ಪುಸ್ತಕದ ಕಡೆ ನೋಡಲಿಲ್ಲ. “ಮಗಳ ಮನೆ ಯಾರ ಪೈಕಿ? ರೊಳ್ಳದಲ್ಲಿ ಯಾವ ಬೀದಿ?” ಎಂದು ಸುಂಕಮ್ಮನನ್ನು ಕೇಳಿ, ರೊಳ್ಳದಲ್ಲಿರುವ ತನ್ನ ತಮ್ಮ ರಂಗಪ್ಪನಿಗೆ ಫೋನು ಹಚ್ಚಿದಳು. “ಲೋ ರಂಗ, ಎಲ್ಲಿದ್ದೀಯ? ರೇಷ್ಮೆ ಸೊಪ್ಪು ಆಮೇಲೆ ಕೊಯ್ಯುವಂತೆ, ಗಾಡಿ ತೆಗಿ.” ರಂಗಪ್ಪ ಹಿಪ್ಪುನೇರಳೆ ತೋಟದಿಂದ ನೇರ ಬೈಕಿನಲ್ಲಿ ಹೋಗಿ, ಎರಡು ಮನೆ ತಪ್ಪಿ, ಮೂರನೆಯ ಮನೆಯಲ್ಲಿ ಮಾರಕ್ಕನನ್ನು ಹುಡುಕಿ, ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅವಳ ಕಿವಿಗೆ ಫೋನು ಹಿಡಿದದ್ದು ಅರ್ಧ ತಾಸಿನೊಳಗೆ. ಆ ಅರ್ಧ ತಾಸು ಎಷ್ಟು ಉದ್ದವಿತ್ತೆಂದು ನನ್ನನ್ನು ಕೇಳಬೇಡಿ.

ಮಾರಕ್ಕನ ಮೊದಲ ಪ್ರಶ್ನೆ: “ಹೊಟ್ಟ್ಯಾಗ ಗಿಣ್ಣ ಬಿದ್ದೈತೇನು?”

ಬಿದ್ದಿರಲಿಲ್ಲ. ಈದ ಕುರಿಯ ಮೊದಲ ಗಟ್ಟಿಹಾಲು ಮರಿಯ ಹೊಟ್ಟೆಗೆ ಹೋಗದಿದ್ದರೆ ಉಳಿದದ್ದೆಲ್ಲ ಮಾಡಿ ಫಲವಿಲ್ಲ ಎಂಬುದು ಅವಳಿಗೆ ಎಷ್ಟು ಸಹಜವೆಂದರೆ, ನನಗೆ ಹೇಳಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ. ರತ್ನಮ್ಮ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಕುರಿಯನ್ನು ಹಿಡಿದುಕೊಂಡಳು, ಸುಂಕಮ್ಮ ಹಿಂಡಿ, ಬೆರಳು ಅದ್ದಿ ಅದ್ದಿ ಮರಿಗೆ ಚೀಪಿಸಿದಳು. ಆಮೇಲೆಯೇ ಸುಂಕಮ್ಮ ಮಾರಕ್ಕನಿಗೆ ಸೋಪಿನ ಕತೆ ಹೇಳಿದ್ದು.

“ತೊಳಿ ಅಂತ ಯಾವ ಪುಣ್ಯಾತ್ಮ ಹೇಳಿದ?” ಎಂದಿತು ಫೋನು.

ಸುಂಕಮ್ಮ ಮರಿಯ ಟವೆಲು ಸರಿಪಡಿಸತೊಡಗಿದಳು. ನಾನು ಫೋನಿನ ಹತ್ತಿರ ಬಾಗಿ, “ನಾನೇ ಮಾರಕ್ಕ,” ಎಂದೆ.

“ಅಯ್ಯ ಮೇಷ್ಟ್ರೆ! ಕುರಿ ಕಣ್ಣಿಲೆ ಮರಿ ಗುರ್ತು ಹಿಡಿಯಂಗಿಲ್ರಿ, ಮೂಗಿಲೆ ಹಿಡೀತೈತಿ. ಅವತ್ತೇ ಹೇಳಿದ್ನಲ್ರಿ ನಿಮಗ!”

ಹೇಳಿದ್ದಳು. ನಾನು ಹರಟೆಯೆಂದು ಬಿಟ್ಟಿದ್ದೆ.

ಅವಳು ಹೇಳುತ್ತಾ ಹೋದಳು, ಸುಂಕಮ್ಮ ಮಾಡುತ್ತಾ ಹೋದಳು. ಒಲೆಯ ಬೂದಿ ಹಾಕಿ ಒಣಗಲು ಉಜ್ಜಿ ಸೋಪಿನ ವಾಸನೆ ಕಳೆಯಬೇಕು. ನಿನ್ನೆ ಸತ್ತ ಮರಿ ಬಿದ್ದ ಜಾಗ ಇನ್ನೂ ಹಸಿ ಇರುತ್ತದೆ, ಅಲ್ಲಿಯ ಮಣ್ಣು ಒಂದು ಹಿಡಿ ತಂದು ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ತಿಕ್ಕಬೇಕು. ಆಮೇಲೆ ಹಾಲು. ಎಲ್ಲ ಮುಗಿದ ಮೇಲೆ ಉಪ್ಪು. ಮಾತಾಡದೆ ಮಾಡಬೇಕು. ಕೊನೆಗೆ ಫೋನು ನನ್ನನ್ನು ವಿಚಾರಿಸಿತು: “ಮೇಷ್ಟ್ರು ಎಲ್ಲಿ ನಿಂತಾರ? ರೊಪ್ಪದಾಗೇನು? ಹೊರಗ ಕಳಿಸು ಅವರ್ನ. ಅವರೂ ಸೋಪಿನ ವಾಸನಿ ಹೊಡೀತಿರ್ತಾರ.”

ನಾನು ಹೊರಗೆ ಹೋದೆ. ಮುಳ್ಳುಬೇಲಿಯ ಆಚೆ, ಗಾಳಿ ನನ್ನ ಕಡೆಯಿಂದ ಅವರ ಕಡೆಗೆ ಬೀಸದ ಜಾಗ ನೋಡಿಕೊಂಡು ನಿಂತೆ. ತರಗತಿಯಿಂದ ಹೊರಗೆ ನಿಲ್ಲಿಸಿದ ಮಕ್ಕಳ ನೆನಪಾಯಿತು; ಹೊರಗೆ ನಿಂತವನಿಗೆ ಒಳಗಿನ ಪಾಠ ಎಷ್ಟು ಚೆನ್ನಾಗಿ ಕೇಳಿಸುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮುಳ್ಳಿನ ಸಂದಿಯಿಂದ ನೋಡಿದೆ. ಕುರಿ ಮೂಗು ಚಾಚಿತು. ಹಿಂದೆ ಸರಿಯಿತು. ಮತ್ತೆ ಚಾಚಿತು. ಬಾಲದ ಬುಡದಲ್ಲಿ ಅದರ ಮೂಗು ಬಹಳ ಹೊತ್ತು ನಿಂತಿತು. ಆಮೇಲೆ ಗಂಟಲೊಳಗೇ ಒಂದು ಸಣ್ಣ ದನಿ ಮಾಡಿ, ಬೆನ್ನನ್ನು ಒಂದು ಸಲ ನೆಕ್ಕಿತು. ಇನ್ನೊಂದು ಸಲ ನೆಕ್ಕಿತು. ಮರಿ ತಡವರಿಸುತ್ತಾ ಕೆಚ್ಚಲ ಕೆಳಗೆ ತಲೆ ತೂರಿಸಿತು. ಅದರ ಬಾಲ ಪಟಪಟನೆ ಆಡಿದ್ದು ಕಂಡಾಗ ಸುಂಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ. ಹೊರಗಿದ್ದೆನಾದ್ದರಿಂದ ಯಾರೂ ನೋಡಲಿಲ್ಲ ಎಂದು ನಂಬಿದ್ದೇನೆ.

ಮಾರಕ್ಕ ತಿಂಗಳ ಮೇಲೆ ಊರಿಗೆ ಬಂದಾಗ ಪುಸ್ತಕ ಹಿಡಿದು ಮತ್ತೆ ಹೋದೆ. ಈ ಸಲ ಏನನ್ನೂ ಬಿಡುವುದಿಲ್ಲ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ ಎಂದೆ. ಅವಳು ಹೇಳತೊಡಗಿದಳು. ಬರೆಯುತ್ತಾ ಬರೆಯುತ್ತಾ ಅರ್ಥವಾಯಿತು: ಮಣ್ಣು ಎಷ್ಟು ಹಸಿಯಿರಬೇಕು, ಕುರಿಯ ದನಿ ಯಾವುದು ಒಪ್ಪಿಗೆಯದು ಯಾವುದು ಸಿಟ್ಟಿನದು, ಯಾವಾಗ ಕೈ ಬಿಡಬೇಕು, ಇದಕ್ಕೆ ಇನ್ನೂರು ಪುಟ ಸಾಲದು, ಸಾಕಾದರೂ ಓದಿದವನಿಗೆ ಬಾರದು. ನಾನು ಚಕಮಕಿಯ ಬಗ್ಗೆ ಎಷ್ಟು ಓದಿದ್ದೇನೆ! ಅಕ್ಷರ ದೊಡ್ಡದೇ, ನಾನು ಅದರ ಅನ್ನ ತಿಂದವನು. ಆದರೆ ಆ ಬೆಳಿಗ್ಗೆ ಮರಿಯನ್ನು ಉಳಿಸಿದ್ದು ಬರೆದಿಟ್ಟದ್ದಲ್ಲ. ಯಾರಿಗೆ ಗೊತ್ತು ಎಂಬುದು ಗೊತ್ತಿದ್ದದ್ದು, ರೊಳ್ಳದಲ್ಲಿ ಗಾಡಿ ತೆಗೆಯುವ ಒಬ್ಬ ತಮ್ಮ ಇದ್ದದ್ದು. ಪಕ್ಕದ ಮನೆಯಿಂದ ಬತ್ತಿ ಹಚ್ಚಿ ತಂದಾಗಲೇ ರತ್ನಮ್ಮ ನನಗೆ ಇದನ್ನು ತೋರಿಸಿದ್ದಳು. ನಾನು ಕಾಫಿ ಕುಡಿಯುವುದರಲ್ಲಿದ್ದೆ.

ಆದ್ದರಿಂದ ಪುಸ್ತಕಕ್ಕೆ ತಿದ್ದುಪಡಿ ಮಾಡಿದ್ದೇನೆ. ಕುರಿಯ ಪುಟದಲ್ಲಿ ಸೋಪಿನ ಸಾಲನ್ನು ಹೊಡೆದುಹಾಕಿದೆ. ಅಳಿಸಲಿಲ್ಲ, ತಪ್ಪೂ ಕಾಣುತ್ತಿರಲಿ. ಮೇಲೆ ದುಂಡು ಅಕ್ಷರದಲ್ಲಿ ಬರೆದೆ: ‘ಮಾರಕ್ಕನನ್ನು ಕೇಳತಕ್ಕದ್ದು. ಆಕೆ ಇಲ್ಲದಿದ್ದರೆ ಸುಂಕಮ್ಮನನ್ನು.’ ಹೀಗೇ ಒಂದೊಂದು ವಿದ್ಯೆಯ ಎದುರಿಗೂ ಬಲ್ಲವರ ಹೆಸರು, ಅವರ ಪಕ್ಕದಲ್ಲಿ ಕೂತು ಕಲಿತವರ ಹೆಸರು ಬರೆಯುತ್ತಿದ್ದೇನೆ. ಉಪ್ಪಿನ ಎದುರು ಇನ್ನೂ ಯಾರೂ ಸಿಕ್ಕಿಲ್ಲ. ಮೊನ್ನೆ ರತ್ನಮ್ಮ ಪುಟ ತಿರುವಿ ಹಾಕಿ, “ಎಲ್ಲಾರ ಹೆಸ್ರೂ ಐತೆ, ನಿಮ್ಮದೇ ಎಲ್ಲೂ ಇಲ್ವಲ್ರೀ?” ಎಂದಳು. ಹುಡುಕಿ ನೋಡಿದೆ, ನಿಜ.

ಸುಂಕಮ್ಮನ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅದು ಯಾರದೆಂದು ಇನ್ನೂ ಹೇಳಲಾರೆ. ಈಗ ವಾರಕ್ಕೊಂದು ದಿನ ಗುಮ್ಮಘಟ್ಟದ ಆಟೋ ಹತ್ತುತ್ತೇನೆ. ಆ ದಿನ ಬೆಳಿಗ್ಗೆ ಸ್ನಾನಕ್ಕೆ ಬರೀ ನೀರು.